ಪಕ್ಕದ ಮಂಚದ ತಾಯಿ

ಹೋದ ತಿಂಗಳು ಕೊಪ್ಪದ ಔಷಧಿ ಅಂಗಡಿಯಲ್ಲಿ ಯಾರೋ ಹೊಸ ರಬ್ಬರ್ ನಳಿಗೆಯ ಸುರುಳಿ ಬಿಚ್ಚಿ ಅಳತೆ ನೋಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಪಕ್ಕದ ಮಂಚದ ತಾಯಿ ನೆನಪಾದಳು.

ಎಪ್ಪತ್ತರ ದಶಕದ ಕೊನೆ ಇರಬೇಕು. ನಾಲ್ಕು ವರ್ಷದ ನನ್ನ ಮಗಳಿಗೆ ಹೊಟ್ಟೆ ಉಬ್ಬಿ ಹಸಿರು ವಾಂತಿಯಾಗಿ, ಮೇಗುಂದದಿಂದ ಬಸ್ಸಿನಲ್ಲಿ ಒಂದು ಸಣ್ಣ ಆಸ್ಪತ್ರೆಗೆ ತಂದಿದ್ದೆವು. ಪಕ್ಕದ ಮಂಚದಲ್ಲಿ ಅದೇ ವಯಸ್ಸಿನ ಇನ್ನೊಂದು ಹುಡುಗಿ. ಅವಳ ತಾಯಿಯದು ನರಸಿಂಹರಾಜಪುರದಲ್ಲಿ ಬಳೆ ಅಂಗಡಿ. ಇಬ್ಬರು ಮಕ್ಕಳಿಗೂ ಜಂತುಹುಳು ಗಂಟಾಗಿ ಕರುಳು ಕಟ್ಟಿಕೊಂಡಿದೆ ಎಂದರು ಡಾಕ್ಟರು. ಬಾಯಿಗೆ ಏನೂ ಕೊಡದೆ, ಮೂಗಿನಿಂದ ರಬ್ಬರ್ ನಳಿಗೆ ಇಳಿಸಿ, ಸಲೈನ್ ಹಾಕಿ ಕಾಯುವುದು. ಬಿಚ್ಚಿಕೊಳ್ಳದಿದ್ದರೆ ಶಿವಮೊಗ್ಗದಲ್ಲಿ ಆಪರೇಷನ್.

ಎರಡು ದಿನ ನಾವಿಬ್ಬರು ತಾಯಂದಿರೂ ಮಕ್ಕಳ ಹೊಟ್ಟೆಯನ್ನೇ ನೋಡುತ್ತ ಕೂತಿದ್ದೆವು. ನಾನು ಮುಖ ತೊಳೆಯಲು ಹೋದಾಗ ನನ್ನ ಮಗಳ ಹಣೆ ಸವರುತ್ತಿದ್ದವಳು ಅವಳೇ. ಮೂರನೆಯ ಬೆಳಿಗ್ಗೆ ನನ್ನ ಮಗಳಿಗೆ ಹುಳು ಬಿದ್ದು ಹೊಟ್ಟೆ ಇಳಿಯಿತು. ಅವಳ ಮಗಳಿಗೆ ಜ್ವರ ಏರಿತು. ಹೊಟ್ಟೆ ಗಟ್ಟಿಯಾಗಿದೆ, ಈಗಲೇ ಶಿವಮೊಗ್ಗಕ್ಕೆ ಹೊರಡಿ ಎಂದರು ಡಾಕ್ಟರು.

ಅವಳ ಗಂಡ ಅಂಗಡಿಯ ಸರಕು ತರಲು ದೂರ ಹೋಗಿದ್ದ. ಅವಳು ನನ್ನ ಕೈ ಹಿಡಿದುಕೊಂಡಳು.

"ಇಬ್ರಿಗೂ ಒಂದೇ ಕಾಯಿಲೆ ಅಲ್ವಾ ಅಕ್ಕ? ಅಷ್ಟು ಸಣ್ಣ ಹೊಟ್ಟೆ ಕೊಯ್ಸೋದಾ? ನೀವಾಗಿದ್ರೆ ಎಂತ ಮಾಡ್ತಿದ್ರಿ?"

"ಸಂಜೆವರೆಗೆ ನೋಡು ಮಾರಾಯ್ತಿ. ನಮ್ದೂ ಹಾಗೇ ಇತ್ತಲ್ಲ" ಎಂದೆ.

ಡಾಕ್ಟರು ಮತ್ತೆ ಬಂದು ಹೇಳಿದರು, ಗದರಿದರು. ಅವಳು ನನ್ನ ಮುಖ ನೋಡುತ್ತಿದ್ದಳು. ಸಂಜೆಯಾದ ಮೇಲೆಯೇ ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಹೋದಳು...

ಮಗು ಉಳಿಯಲಿಲ್ಲವೆಂದು ಆಮೇಲೆ ತಿಳಿಯಿತು. ಕೆಲವು ತಿಂಗಳ ನಂತರ ಶೃಂಗೇರಿಯ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕಂಡಳು. ನಾನು ತಪ್ಪಿಸಿಕೊಳ್ಳಲು ನೋಡಿದೆ. ಅವಳೇ ಹತ್ತಿರ ಬಂದಳು. ಕೊಯ್ದು ನೋಡಿದರೆ ಕರುಳು ಕಪ್ಪಾಗಿತ್ತಂತೆ. ಬೆಳಿಗ್ಗೆಯೇ ತಂದಿದ್ದರೆ ಉಳಿಯುತ್ತಿತ್ತೇನೋ ಎಂದರಂತೆ ಒಬ್ಬ ಡಾಕ್ಟರು. ಹಾಗೆ ಹೇಳಲಿಕ್ಕಾಗದು ಎಂದರಂತೆ ಇನ್ನೊಬ್ಬರು. ಇಷ್ಟು ಹೇಳಿ, "ನಿಮ್ಮ ಮಗು ಊಟ ಸರಿ ಮಾಡ್ತದಾ ಅಕ್ಕ?" ಎಂದು ಕೇಳಿದಳು. ಚೀಲದಿಂದ ನಾಲ್ಕು ಪುಟ್ಟ ಹಸಿರು ಬಳೆ ತೆಗೆದು ನನ್ನ ಕೈಗಿಟ್ಟಳು. ನಾನು ಬಳೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಅಷ್ಟರಲ್ಲಿ ಬಸ್ಸು ಬಂತು...

ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲವೋ, ನಾನಾಡಿದ ಮಾತೇ ಅವಳಿಗೆ ನೆನಪಿರಲಿಲ್ಲವೋ, ಎಲ್ಲ ನೆನಪಿದ್ದೂ ಬಳೆ ಕೊಟ್ಟಳೋ... ಇವತ್ತಿಗೂ ಬಗೆಹರಿದಿಲ್ಲ. ನಾನು ಸುಮ್ಮನಿದ್ದಿದ್ದರೂ ಅವಳು ಕಾಯುತ್ತಿದ್ದಳೇನೋ ಎಂದು ಒಮ್ಮೊಮ್ಮೆ ಸಮಾಧಾನ ಮಾಡಿಕೊಳ್ಳುತ್ತೇನೆ. ಅದು ಬಹಳ ಹೊತ್ತು ನಿಲ್ಲುವುದಿಲ್ಲ. ಅವಳು ತೀರಿಕೊಂಡು ಕೆಲವು ವರ್ಷವಾಯಿತಂತೆ. ಕೇಳೋಣವೆಂದರೆ ಈಗ ಯಾರೂ ಇಲ್ಲ. ನನ್ನ ಮಗಳಿಗೆ ಬೆಳೆದ ಇಬ್ಬರು ಮಕ್ಕಳಿದ್ದಾರೆ. ಈ ಸಂಗತಿಯನ್ನು ನಾನು ಮಗಳಿಗೆ ಇನ್ನೂ ಹೇಳಿಲ್ಲ.