ಹತ್ತು ನಿಮಿಷ ಮುಂದಿನ ಗಡಿಯಾರ

ಹೊಸಪೇಟೆಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಗಡಿಯಾರ ಕಾಯುವುದು. ಅದಿರು ಸಾಗಿಸುವ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಮಾಳಿಗೆಯ ಮೇಲಿನ ಆಂಟೆನಾ ಉಪಗ್ರಹದಿಂದ ಸಮಯ ಹಿಡಿಯುತ್ತಿತ್ತು. ಕೆಳಗಿನ ಟೈಮ್ ಸರ್ವರ್ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಕಂಪ್ಯೂಟರುಗಳನ್ನೆಲ್ಲ ಅದಕ್ಕೆ ಹೊಂದಿಸುತ್ತಿತ್ತು. ಲಾರಿ ತೂಗುವ ಸಂಡೂರಿನ ಕಾಟಾದಲ್ಲಿ ಹೊರಟ ಹೊತ್ತಿನ ಚೀಟಿ, ಹೊಸಪೇಟೆಯ ಯಾರ್ಡಿನಲ್ಲಿ ತಲುಪಿದ ಹೊತ್ತಿನ ಚೀಟಿ. ನಡುವೆ ಒಂದು ತಾಸಿಗಿಂತ ಕಡಿಮೆ ಇದ್ದರೆ ಅತಿವೇಗವೆಂದೇ ಲೆಕ್ಕ. ಆ ಪಟ್ಟಿ ತೆಗೆಯುವವಳು ನಾನೇ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ಹೇಳಿಕೊಂಡು ತಿರುಗುವಷ್ಟು ಜಂಬವೂ ನನಗಿತ್ತು.

ಒಂದು ಶುಕ್ರವಾರ ಕಂಪ್ಲಿಯ ಚಾಲಕರೊಬ್ಬರು ಬಂದು ಬಾಗಿಲಲ್ಲಿ ನಿಂತರು. ನನ್ನ ಅಪ್ಪನ ವಯಸ್ಸು. ಪಟ್ಟಿಯಲ್ಲಿ ಮೂರು ಸಲ ಅವರ ಹೆಸರು ಬಂದದ್ದರಿಂದ, ಸೋಮವಾರದಿಂದ ಗಾಡಿ ಮುಟ್ಟಬಾರದೆಂದು ಮ್ಯಾನೇಜರು ಹೇಳಿದ್ದರು.

"ಯವ್ವಾ, ಇಪ್ಪತ್ತು ವರ್ಷ ಆತು ಸ್ಟೇರಿಂಗ್ ಹಿಡಿದು. ಕೋಳಿ ಅಡ್ಡ ಬಂದ್ರೂ ಗಾಡಿ ನಿಂದ್ರಿಸಾಂವ ನಾನು. ನಾನೆಲ್ಲಿ ಓಡಸ್ಲಿ?" ಎಂದರು.

ಅಲ್ಲೇ ಇದ್ದ ಮ್ಯಾನೇಜರು ನಕ್ಕರು. "ಮುಂಜಾನೆ ಟ್ರಿಪ್ಪಷ್ಟ ಜೋರು ಬರ್ತೀರಿ, ಮಧ್ಯಾಹ್ನ ಸುಮ್ನ ಬರ್ತೀರಿ. ಮುಂಜಾನೆ ಮೈಯಾಗ ದೆವ್ವ ಬರ್ತೈತೇನ್ರಿ?"

ಚಾಲಕರು ತಲೆ ತಗ್ಗಿಸಿದರು. ಮುಂಜಾನೆ ಮಾತ್ರ ಯಾಕೆ ಎಂಬುದು ನನ್ನ ತಲೆಯಿಂದ ಹೋಗಲೇ ಇಲ್ಲ.

ಮೊದಲ ಸಂಶಯ ನನ್ನ ಸರ್ವರ್ ಮೇಲೆಯೇ. ಗಣಿಯ ಕೆಂಪು ಧೂಳು ಆಗ ಊಟದ ತಟ್ಟೆಯನ್ನೂ ಬಿಡುತ್ತಿರಲಿಲ್ಲ. ಮಾಳಿಗೆ ಹತ್ತಿ ಆಂಟೆನಾ ಒರೆಸಿ ಬಂದೆ. ಸರ್ವರ್ ಉಪಗ್ರಹಕ್ಕಿಂತ ಎಷ್ಟು ಸರಿದಿದೆ, ಸಂಡೂರಿನ ಕಂಪ್ಯೂಟರ್ ಸರ್ವರಿಗಿಂತ ಎಷ್ಟು ಸರಿದಿದೆ ಎಂದು ಕಾಲು ತಾಸಿಗೊಮ್ಮೆ ಅಳೆದು ಗ್ರಾಫ್ ಎಳೆಯುವ ಪ್ರೋಗ್ರಾಂ ಬರೆದೆ. ಶನಿವಾರ ಸಂಜೆ ನೋಡಿದರೆ ಸರ್ವರಿನ ಗೆರೆ ಸಪಾಟಾಗಿತ್ತು. ಸಂಡೂರಿನ ಗೆರೆ ಮಾತ್ರ ಮುಂಜಾನೆ ಎಂಟಕ್ಕೆ ಹತ್ತು ನಿಮಿಷ ಮೇಲೆ ಹಾರಿ, ಹನ್ನೆರಡಕ್ಕೆ ದೊಪ್ಪನೆ ಕೆಳಗೆ ಬಿದ್ದಿತ್ತು. ಆ ನಡುವೆ ಹೊರಟ ಲಾರಿಯ ಚೀಟಿಯಲ್ಲಿ ಹೊರಟ ಹೊತ್ತು ಹತ್ತು ನಿಮಿಷ ತಡವಾಗಿ ಬಿದ್ದು, ದಾರಿಯ ಹೊತ್ತು ಅಷ್ಟೇ ಕಡಿಮೆ ಕಾಣುತ್ತಿತ್ತು. ಕೆಟ್ಟ ಯಂತ್ರ ಡ್ಯೂಟಿ ಟೈಮ್ ನೋಡಿ ಕೆಡುವುದಿಲ್ಲ. ಇದು ಮನುಷ್ಯನ ಕೈವಾಡವೇ ಸೈ.

ಭಾನುವಾರ ಮೊದಲ ಬಸ್ಸಿಗೆ ಸಂಡೂರಿಗೆ ಹೋದೆ. ಕಾಟಾದ ಗುಮಾಸ್ತರು ಕುರ್ಚಿ ಒರೆಸಿ, ಊದುಕಡ್ಡಿ ಹಚ್ಚಿ, ಗೋಡೆ ಗಡಿಯಾರ ನೋಡಿ ಕಂಪ್ಯೂಟರಿನ ಸಮಯ ತಿದ್ದಿದರು. ಗೋಡೆಯದು ಹತ್ತು ನಿಮಿಷ ಮುಂದಿತ್ತು. ಬಸ್ಸು ತಪ್ಪಬಾರದೆಂದು ನಮ್ಮ ಕಡೆ ಎಲ್ಲರೂ ಹಾಗೇ ಇಡುತ್ತಾರೆ. ನಮ್ಮ ಮನೆಯದೂ ಮುಂದೆಯೇ ಇತ್ತು.

"ನಿಮ್ಮ ಕಂಪ್ಯೂಟರ್ ಮಧ್ಯಾಹ್ನ ಆತಂದ್ರ ಹಿಂದ ಬೀಳ್ತೈತ್ರಿ ಮೇಡಂ. ನಿಮಗ್ಯಾಕ ತ್ರಾಸಂತ ದಿನಾ ನಾನ ಸರಿ ಮಾಡ್ತೀನಿ" ಎಂದರು, ಶಭಾಷ್‌ಗಿರಿ ಕಾಯುವವರ ಮುಖದಲ್ಲಿ.

ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಸಿಟ್ಟು? ಸಮಯ ತಿದ್ದಬೇಡಿ ಎಂದು ಅವರಿಗೆ ಒಂದು ಮಾತು ನಾನೂ ಹೇಳಿರಲಿಲ್ಲ. "ಹಂಗಾದ್ರ ಉಳಿದ ಡ್ರೈವರುಗಳು ಪಟ್ಟಿಯಾಗ ಯಾಕ ಬರಲಿಲ್ಲ?" ಎಂದು ಕೇಳಿದೆ.

"ಮುಂಜಾನೆ ಎಲ್ಲಾರೂ ದಾರ್ಯಾಗ ಚಾಕ್ಕ ನಿಲ್ತಾರ್ರಿ. ಆ ಕಂಪ್ಲಿಯವ್ರು ಚಾ ಮುಟ್ಟಂಗಿಲ್ಲ."

ಉಳಿದವರ ಹತ್ತು ನಿಮಿಷವನ್ನು ಚಹಾ ಮುಚ್ಚಿಹಾಕಿತ್ತು. ನಿಲ್ಲದೆ, ನಿಧಾನವಾಗಿ ಬಂದವರೊಬ್ಬರೇ ಸಿಕ್ಕಿಬಿದ್ದಿದ್ದರು.

ಸೋಮವಾರ ಮುಂಜಾನೆಯೇ ಗ್ರಾಫನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, ಚಹಾದ ಸಂಗತಿಯನ್ನೂ ಹೇಳಿದೆ. ಮೂರೂ ಟ್ರಿಪ್ಪಿಗೆ ಹತ್ತು ನಿಮಿಷ ಕೂಡಿಸಿದರೆ, ಎಲ್ಲವೂ ಒಂದು ತಾಸಿನ ಮೇಲೆಯೇ. ಅವರು ತಾವೇ ಇನ್ನೊಮ್ಮೆ ಕೂಡಿಸಿ ನೋಡಿದರು. "ಅಲ್ರಿ, ಚಾ ಕುಡೀಲಿಲ್ಲ ಅನ್ನೋ ತಪ್ಪಿಗೆ ಒಬ್ಬರ ಅನ್ನ ಕಸೀತಿದ್ವಲ್ರಿ" ಎಂದವರೇ ಚಾಲಕರನ್ನು ಕರೆಸಿ ಗಾಡಿಯ ಕೀಲಿ ಕೊಟ್ಟರು. ನಾನು ಚಾಲಕರ ಕ್ಷಮೆ ಕೇಳಿದೆ. ಸಂಡೂರಿನ ಗುಮಾಸ್ತರು ಕಂಪ್ಯೂಟರ್ ತಿದ್ದುವುದು ಬಿಟ್ಟು, ಗೋಡೆ ಗಡಿಯಾರದ ಕೆಳಗೆ "ಇದು ಬಸ್ಸಿನ ಟೈಮ್" ಎಂದು ಚೀಟಿ ಅಂಟಿಸಿದರು.

ಮರುದಿನ ಮುಂಜಾನೆ ಆ ಲಾರಿ ಯಾರ್ಡಿಗೆ ಬಂದಾಗ ನಾನೇ ಓಡಿಹೋಗಿ ಎರಡೂ ಚೀಟಿ ಜೋಡಿಸಿ ನೋಡಿದೆ. ಒಂದು ತಾಸು ಐದು ನಿಮಿಷ. ಖುಷಿ ತಡೆಯಲಾಗದೆ ಅವರಿಗೂ ತೋರಿಸಿದೆ.

"ನಾನು ಯಾವತ್ತಿನಂಗ ಬಂದೀನಿ ಯವ್ವಾ," ಎಂದು ನಕ್ಕರು. "ಇವತ್ತು ನಿಮ್ಮ ಗಡಿಯಾರ ನನ್ನ ಸಂಗಾಟ ಬಂತು."