ಎರಡನೇ ಪಂಪಿನ ಮೈಲೇಜ್ ಅಕ್ಕ

ಬೆಳಗಿನ ಐದೂವರೆ. ಪೆಟ್ರೋಲ್ ಬಂಕಿನ ದೀಪಗಳು ಇನ್ನೂ ಆರಿಲ್ಲ. ಎರಡನೇ ಪಂಪಿನ ಮುಂದೆ ಹೆಂಗಸೊಬ್ಬರು ಮಂಡಿಯೂರಿ ಕೂತು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾರೆ. ಹಳೆಯ ಬಿಳಿ ಡೀಸೆಲ್ ಟ್ಯಾಕ್ಸಿಯೊಂದು ತೆವಳಿಕೊಂಡು ಬಂದು ಆ ಗೆರೆಯ ಮೇಲೆ ಮುಂದಿನ ಚಕ್ರ ಇಡುತ್ತದೆ.

"ಅಣ್ಣಾ, ಇನ್ನೊಂದು ಗೇಣು ಹಿಂದಕ್ಕೆ! ಹಾಂ, ಸಾಕು. ಸಾಕು ಅಂದ್ನಲ್ಲಾ!"

ಊರಿನ ಡ್ರೈವರುಗಳ ಪಾಲಿಗೆ ಇವರು ಮೈಲೇಜ್ ಅಕ್ಕ. ಡೀಸೆಲ್ ಕಾರು ಲೀಟರಿಗೆ ನಿಜವಾಗಿ ಎಷ್ಟು ಓಡುತ್ತದೆ ಎಂದು ತಿಳಿಯಬೇಕಾದವರು ಇವರ ಮುಂದೆಯೇ ಬಂದು ನಿಲ್ಲುತ್ತಾರೆ. ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ ಓಡಿಸಬೇಕು, ಮತ್ತೆ ಬಾಯಿಮಟ್ಟ ತುಂಬಿಸಬೇಕು, ಓಡಿದ ದೂರವನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಬೇಕು. ಕೇಳುವುದಕ್ಕೆ ಸುಲಭ. ಆದರೆ ಡೀಸೆಲ್ ನೊರೆಯೇಳುತ್ತದೆ, ಪಂಪು ಟಕ್ಕೆಂದು ತಾನಾಗಿ ನಿಂತಾಗ ಒಳಗೆ ಅರ್ಧ ನೊರೆಯೇ ಇರುತ್ತದೆ. ಅಕ್ಕ ಅದು ಇಳಿಯುವತನಕ ಕಾಯುತ್ತಾರೆ, ಕಾರನ್ನು ಹಿಡಿದು ಅಲುಗಾಡಿಸುತ್ತಾರೆ, ಮತ್ತೆ ಹಾಕುತ್ತಾರೆ. ಹಿಂದಿನವರು ಹಾರ್ನ್ ಹೊಡೆದರೆ, "ಹಾಲು ಉಕ್ಕಿದ ತಕ್ಷಣ ಪಾತ್ರೆ ತುಂಬ್ತು ಅಂತೀರಾ?" ಎಂದು ಬಾಯಿ ಮುಚ್ಚಿಸುತ್ತಾರೆ.

ಇಂಥ ಅಕ್ಕ ಇವತ್ತು ಪಂಪಿನ ಮೀಟರು ಸೊನ್ನೆಗೆ ಬಂದಿದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದಾರೆ. ಬಿಳಿ ಟ್ಯಾಕ್ಸಿಯ ಮಾಲೀಕರಿಗೆ ಅರವತ್ತೆರಡು ವರ್ಷ, ಕಾರಿಗೆ ಹದಿಮೂರು. ಲೀಟರಿಗೆ ಹದಿನೈದು ಕಿಲೋಮೀಟರಿಗಿಂತ ಕಡಿಮೆ ಬಂದರೆ ಗಾಡಿ ಮಾರಿ ಮನೆಯಲ್ಲಿ ಕೂರಬೇಕು ಎಂದು ಮಗಳ ಅಪ್ಪಣೆಯಾಗಿದೆ. ಹೋದ ವಾರ ಇದೇ ಅಕ್ಕನ ಲೆಕ್ಕದಲ್ಲಿ ಬಂದದ್ದು ಬರೀ ಹದಿಮೂರು. ಕೊಳ್ಳುವವರು ನಾಳೆ ನೋಡಲು ಬರುತ್ತಾರೆ.

"ಅವತ್ತು ಅಣ್ಣನ ಮುಖ ನೋಡೋಕಾಗ್ಲಿಲ್ಲ ನಂಗೆ" ಎನ್ನುತ್ತಾರೆ ಅಕ್ಕ. "ಮಧ್ಯಾಹ್ನ ಬಂಕಿನ ಅಂಗಳ ತೊಳೀತಿದ್ದೆ. ಬಕೆಟ್ ನೀರು ಸುರಿದ್ರೆ ಅದು ಸೀದಾ ಮೋರಿ ಕಡೆ ಓಡ್ತು. ಅಯ್ಯೋ, ನೆಲಾನೇ ಇಳಿಜಾರು! ಮೊದಲ್ನೇ ಸಲ ಕಾರಿನ ಮೂತಿ ಮೇಲಿತ್ತು, ಎರಡ್ನೇ ಸಲ ಕೆಳಗಿತ್ತು. ಟ್ಯಾಂಕು ಅದೇ, ಹಿಡಿಯೋದು ಬೇರೆ. ಹೆಚ್ಚಿಗೆ ಹಿಡಿದಿದ್ದನ್ನೆಲ್ಲ ಪಾಪ ಆ ಕಾರು ಕುಡೀತು ಅಂದ್ಬಿಟ್ಟಿದ್ದೆ."

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಪಾಳಿ ಮುಗಿಸಿದವರೇ ಟ್ಯಾಕ್ಸಿ ಸ್ಟ್ಯಾಂಡಿಗೆ ನಡೆದು ಎಲ್ಲ ಡ್ರೈವರುಗಳ ಎದುರಿಗೆ, "ತಪ್ಪು ನಂದು, ಕಾರಿಂದಲ್ಲ" ಎಂದು ಹೇಳಿ ಬಂದರು. ನನಗೆ ಇವರು ಇಷ್ಟವಾದದ್ದು ಆ ಮಾತಿಗೇ. ಮಾರನೆಯ ದಿನ ಇದೇ ಜಾಗದಲ್ಲಿ ಗೆರೆ ಎಳೆದು, ಕಾರನ್ನು ಇದೇ ದಿಕ್ಕಿಗೆ ನಿಲ್ಲಿಸಿ ಹೊಸದಾಗಿ ಟ್ಯಾಂಕ್ ತುಂಬಿಸಿದರು. ಇವತ್ತು ಅದರ ಫಲಿತಾಂಶ.

ಹತ್ತೊಂಬತ್ತು ವರ್ಷದ ಹಿಂದೆ ಲಾರಿ ಓಡಿಸುತ್ತಿದ್ದ ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಅಕ್ಕ ಈ ಕೆಲಸಕ್ಕೆ ಸೇರಿದರು. "ಅವರು ಮಲಗಿದಲ್ಲೇ ಗಾಡಿ ಓಡಿಸೋರು. ಗೇರು, ಟೈರಿನ ಗಾಳಿ, ಇಳಿಜಾರು, ಬರೀ ಅದೇ ಮಾತು. ಕೇಳಿ ಕೇಳಿ ನಾನೂ ಅರ್ಧ ಡ್ರೈವರ್ ಆದೆ." ಗಂಡ ಈಗ ಕೋಲು ಹಿಡಿದು ಓಡಾಡುತ್ತಾರೆ, ಅಡುಗೆ ಅವರದೇ. ಪುಟ್ಟವಳಿದ್ದಾಗ ಮಗಳು ಅಮ್ಮನ ಕೈಯ ಡೀಸೆಲ್ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದಳಂತೆ. ಅಕ್ಕ ಬಟ್ಟೆಸೋಪಿನಲ್ಲಿ ಮೂರು ಸಲ ಕೈ ಉಜ್ಜಿಕೊಂಡೇ ಅವಳಿಗೆ ಜಡೆ ಹೆಣೆಯುತ್ತಿದ್ದರು.

ಎಂಟು ಗಂಟೆಯ ಪಾಳಿಯಲ್ಲಿ ನೂರೈವತ್ತು ಗಾಡಿ, ನಿಂತೇ ಕೆಲಸ. ಅದರ ನಡುವೆ ಏಳೆಂಟು ಮೈಲೇಜ್ ಪರೀಕ್ಷೆ, ಪುಕ್ಕಟೆ. ನನ್ನ ಕಾರಿನ ಡ್ಯಾಶ್‌ಬೋರ್ಡ್ ಪರದೆ ಲೀಟರಿಗೆ ಇಪ್ಪತ್ತೊಂದು ತೋರಿಸುತ್ತದೆ ಎಂದು ನಾನು ಜಂಬ ಕೊಚ್ಚಿಕೊಂಡಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ನಿಮ್ಮನ್ನ ಖುಷಿಪಡಿಸೋಕೆ ಇರೋದು ಸಾರ್! ಕಂಪನಿಯೋರು ಇಪ್ಪತ್ನಾಲ್ಕು ಅಂತಾರೆ. ಅವರ ರೋಡಲ್ಲಿ ಸಿಗ್ನಲ್ಲೂ ಇಲ್ಲ, ಹಿಂದಿನ ಸೀಟಲ್ಲಿ ಅತ್ತೇನೂ ಇಲ್ಲ." ಪರೀಕ್ಷೆ ಮಾಡಿಸಿದೆ. ಹದಿನಾರೂವರೆ ಬಂತು.

ಈಗ ಬಿಳಿ ಟ್ಯಾಕ್ಸಿಯ ಸರದಿ. ಅಕ್ಕ ಡಿಕ್ಕಿ ತೆಗೆದು ನೋಡುತ್ತಾರೆ. ಹೋದ ವಾರ ಅಲ್ಲಿದ್ದ ಮುರುಕು ಕುರ್ಚಿ, ಎರಡು ಸತ್ತ ಬ್ಯಾಟರಿ, ಒಂದು ಹಾಸಿಗೆ ಯಾವುದೂ ಇಲ್ಲ. "ಸಂಸಾರ ಇಳಿಸಿದ್ದೀರಾ, ಒಳ್ಳೇದಾಯ್ತು." ಪಂಪು ಟಕ್ಕೆನ್ನುತ್ತದೆ. ಕಾಯುತ್ತಾರೆ. ಟ್ಯಾಕ್ಸಿಯಣ್ಣ ಬೇರೆ ಕಡೆ ತಿರುಗಿ ನಿಂತಿದ್ದಾರೆ. ಅಕ್ಕ ಕಾರನ್ನು ಅಲುಗಾಡಿಸಿ ಮತ್ತೆ ಹಾಕುತ್ತಾರೆ. ಮೀಟರು ಸರಿಯಾಗಿ ಹನ್ನೆರಡು ಲೀಟರಿಗೆ ನಿಲ್ಲುತ್ತದೆ.

"ಓಡಿದ್ದೆಷ್ಟು ಅಣ್ಣಾ?"

"ಇನ್ನೂರಾ ಆರು, ತಂಗಿ."

ಅಕ್ಕ ತುಟಿಯಲ್ಲೇ ಲೆಕ್ಕ ಹಾಕುತ್ತಾರೆ. "ಹದಿನೇಳು! ಹದಿನೇಳರ ಮೇಲೆ ಚಿಲ್ಲರೆ!"

ಟ್ಯಾಕ್ಸಿಯಣ್ಣ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಗುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ, ಮಗಳಿಗೆ ಫೋನು ಹಚ್ಚಿ ಅಕ್ಕನ ಕೈಗೆ ಕೊಡುತ್ತಾರೆ. "ನೀನೇ ಹೇಳಮ್ಮ. ನಾನಂದ್ರೆ ನಂಬಲ್ಲ ಅವಳು."

ಅಕ್ಕ ಹೇಳುತ್ತಾರೆ. ಆ ಕಡೆಯಿಂದ ಮಗಳ ಧ್ವನಿ ನನಗೂ ಕೇಳಿಸುತ್ತದೆ: "ಅಕ್ಕಾ, ತಪ್ಪಾಯ್ತು ಅಂತ ಸ್ಟ್ಯಾಂಡಿಗೇ ಬಂದು ಹೇಳಿದ್ದು ನೀವೇ ಅಲ್ವಾ? ಹಾಗಾದ್ರೆ ನೀವು ಹೇಳಿದ್ದು ಸರೀನೇ ಇರುತ್ತೆ. ನಾಳೆ ಬರೋರಿಗೆ ಬೇಡ ಅಂದ್ಬಿಡ್ತೀನಿ."

ಟ್ಯಾಕ್ಸಿ ಹೊರಡುತ್ತದೆ, ಹಾರ್ನ್ ಹೊಡೆಯುತ್ತಲೇ ಹೋಗುತ್ತದೆ. ನಿಮಗೇನಾದರೂ ಆಸೆ ಇದೆಯಾ ಎಂದು ಕೇಳುತ್ತೇನೆ. ಅಕ್ಕ ಚಕ್ರಕ್ಕೆ ಸಿಕ್ಕಿ ಅರ್ಧ ಅಳಿಸಿಹೋದ ಗೆರೆಯನ್ನು ನೋಡುತ್ತಾರೆ.

"ಮ್ಯಾನೇಜರ್ ಸಾರ್ ಇಲ್ಲೊಂದು ಹಳದಿ ಪೇಂಟಿನ ಗೆರೆ ಎಳೆಸಿದ್ರೆ ಸಾಕು. ಸೀಮೆಸುಣ್ಣ ನೀರು ಬಿದ್ರೆ ಹೋಗುತ್ತೆ. ನಾನು ರಜ ಹಾಕಿದ ದಿನ ಬರೋ ಕಾರಿಗೂ ನ್ಯಾಯ ಸಿಗಬೇಕಲ್ವಾ?"