ಆ ಸೊಸೆ ಏನಂದಳು

ನಮ್ಮ ಅತ್ತೆಯವರ ಕಿವಿಯ ಹಾಲೆಗಳು ಹೆಗಲಿನ ಕಡೆಗೆ ಜೋತುಬಿದ್ದಿದ್ದವು. ಹರೆಯದಲ್ಲಿ ಹಾಕಿಕೊಂಡಿದ್ದ ಭಾರದ ಬೆಂಡೋಲೆಗಳು ಕಿವಿಯ ತೂತನ್ನು ಹಿಗ್ಗಿಸಿದ್ದವು. ಮಾವ ತೀರಿಕೊಂಡ ಮೇಲೆ ಬೆಂಡೋಲೆ ತೆಗೆದಿಟ್ಟರು, ತೂತು ಹಾಗೇ ಉಳಿಯಿತು. ಮುಂದೆ ಮೊಬೈಲು ಬಂದಾಗ ಅದು ಉಪಯೋಗಕ್ಕೆ ಬಂತು. ಇಯರ್‌ಫೋನು ಪದೇ ಪದೇ ಜಾರಿ ಬೀಳುತ್ತದೆಂದು ಅದರ ವಯರನ್ನು ಆ ತೂತಿನೊಳಗಿಂದ ತೂರಿಸಿ, ಆಮೇಲೆ ಗುಂಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಹೀಗೆ ವಯರು ಪೋಣಿಸಿಕೊಂಡು ನಿಂಬೆಗಿಡದ ನೆರಳಿನಲ್ಲಿ ಕುಳಿತು ಹಣ್ಣು ಆರಿಸುತ್ತಿದ್ದರೆ ಕೂಲಿಗೆ ಬಂದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಅತ್ತೆಗೆ ಅದು ಕೇಳಿಸುತ್ತಿರಲಿಲ್ಲ.

ಇಂಡಿ ಪಟ್ಟಣದಿಂದ ತುಸು ಹೊರಗೆ ನಮ್ಮ ನಿಂಬೆಯ ತೋಟ, ಅದರ ಮಗ್ಗುಲಿಗೇ ಮನೆ. ನಾನು ಊರಿನ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅತ್ತೆ ಕಲಿತಿದ್ದು ನಾಲ್ಕನೇ ಇಯತ್ತೆ. ಓದಲು ಬರುತ್ತಿತ್ತು, ಆದರೆ ಕಣ್ಣಿಗೆ ಪೊರೆ ಬಂದ ಮೇಲೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ ಎನ್ನುತ್ತಿದ್ದರು. ಆಪರೇಷನ್ ಮಾಡಿಸೋಣವೆಂದರೆ, "ನಿಂಬಿ ಹಂಗಾಮ ಮುಗೀಲಿ ತಡಿ" ಎನ್ನುವರು. ನಿಂಬೆಯ ಹಂಗಾಮು ನಮ್ಮಲ್ಲಿ ಮುಗಿಯುವುದೇ ಇಲ್ಲ. ಕೊನೆಗೆ ನಮ್ಮ ಯಜಮಾನರು, ಅತ್ತೆಗೆ ಒಬ್ಬನೇ ಮಗ, ತಮ್ಮ ಹಳೆಯ ಮೊಬೈಲನ್ನು ತಾಯಿಯ ಕೈಗೆ ಕೊಟ್ಟು ಕನ್ನಡದ ಪಾಡ್‌ಕಾಸ್ಟುಗಳನ್ನು ಹಚ್ಚಿಕೊಳ್ಳುವುದನ್ನು ಕಲಿಸಿದರು. ಆ ಹೆಸರು ಅತ್ತೆಯ ಬಾಯಲ್ಲಿ ಸವೆದು ಬರೀ 'ಪಾಡು' ಆಯಿತು. "ಗದ್ದಲ ಮಾಡಬ್ಯಾಡ್ರಿ, ನಾ ಪಾಡ ಕೇಳಾಕತ್ತೇನಿ" ಎಂದು ನಮ್ಮಿಬ್ಬರನ್ನೂ ಗದರುತ್ತಿದ್ದರು. ಅದರಲ್ಲಿ ಹೇಳುವುದು ಯಾರ್ಯಾರದೋ ಪಾಡನ್ನೇ ಅಲ್ಲವೇ, ಹೆಸರು ಸರಿಯಾಗಿಯೇ ಇದೆ ಎಂದು ಯಜಮಾನರು ನಗುತ್ತಿದ್ದರು.

ಅತ್ತೆಯದು ಸುಮ್ಮನೆ ಕೇಳುವ ಕಿವಿಯಲ್ಲ. ನಮ್ಮ ಕಡೆ ಕಥೆ ಹೇಳುವವರಿಗೆ ಕೇಳುವವರು ಹೂಂಗುಡಬೇಕು. ಹೂಂ ಬರದಿದ್ದರೆ, ಇವರಿಗೆ ನಿದ್ದೆ ಬಂತು ಅಥವಾ ಕೇಳುವ ಮನಸ್ಸಿಲ್ಲ ಎಂದು ತಿಳಿದು ಹೇಳುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅತ್ತೆ ಮೊಬೈಲಿಗೂ ಹೂಂಗುಡುತ್ತಿದ್ದರು. ಪಾಡು ಹೇಳುವ ಹುಡುಗಿ ನಡುವೆ "ನೀವೇನಂತೀರಿ?" ಎಂದು ಕೇಳಿದರಂತೂ ಮುಗಿಯಿತು. ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗೆ ಹಾಕಿ, ಪಾಡು ನಿಲ್ಲಿಸಿ, ತಮಗೆ ಅನಿಸಿದ್ದನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಮುಂದಿನದನ್ನು ಹಚ್ಚುವರು.

"ಆಕಿಗೆ ಕೇಳ್ಸೂದಿಲ್ರಿ ಅತ್ತಿ" ಎಂದು ನಾನೊಮ್ಮೆ ಹೇಳಿದೆ.

"ಅದು ನನಗೂ ಗೊತ್ತೈತಿ. ಆದ್ರ ಕೇಳಿದಾಕಿಗೆ ಉತ್ತರ ಕೊಡಲಾರದ ಹೆಂಗ ಕುಂಡ್ರೂದು?" ಎಂದರು.

ಒಂದು ಬೆಳಿಗ್ಗೆ ಯಜಮಾನರು ಗಾಡಿಯಲ್ಲಿ ನಿಂಬೆಯ ಚೀಲ ಹೇರಿಕೊಂಡು ಮಾರುಕಟ್ಟೆಗೆ ಹೋದರು. ಚೀಲ ಇಳಿಸುವಾಗ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ನಮಗೆ ಮಕ್ಕಳಿರಲಿಲ್ಲ. ದಿನಕರ್ಮ ಮುಗಿದು ಬಂಧುಗಳೆಲ್ಲ ಹೊರಟುಹೋದ ಮೇಲೆ ಆ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಉಳಿದೆವು. ನಮ್ಮಿಬ್ಬರನ್ನು ಕೂಡಿಸಿದ್ದ ಮನುಷ್ಯನೇ ಇಲ್ಲವಾದ ಮೇಲೆ ನಾವು ಒಬ್ಬರಿಗೊಬ್ಬರು ಏನಾಗಬೇಕು ಎಂಬುದೇ ತಿಳಿಯಲಿಲ್ಲ. ಅತ್ತೆ ಪಾಡು ಕೇಳುವುದನ್ನು ಬಿಟ್ಟರು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ರೊಟ್ಟಿ ಮಾಡಿ ಮುಚ್ಚಿಟ್ಟು ತೋಟಕ್ಕೆ ಹೋಗಿರುತ್ತಿದ್ದರು. ಅವರ ಮಗನ ಹೆಸರನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರೊಬ್ಬರೇ ಅಳುವುದು ಗೋಡೆಯ ಆಚೆಯಿಂದ ನನಗೆ ಕೇಳಿಸುತ್ತಿತ್ತು, ನನ್ನದು ಅವರಿಗೆ ಕೇಳಿಸಿರಲೇಬೇಕು.

ಅಮಾವಾಸ್ಯೆಯ ದಿನ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಕೂಲಿಯವರೂ ಬರುವುದಿಲ್ಲ. ಕಾಲೇಜಿಗೂ ರಜೆಯಿದ್ದ ಅಂಥದೊಂದು ಅಮಾವಾಸ್ಯೆಯ ಮಧ್ಯಾಹ್ನ ಅತ್ತೆ ಪಡಸಾಲೆಗೆ ಬಂದು ನನ್ನೆದುರು ಕುಳಿತರು.

"ಈ ತಿಂಗಳ ಏನ್ ಓದಿದಿ?" ಎಂದರು.

ನಾನು ತಬ್ಬಿಬ್ಬಾದೆ. ಸುಮ್ಮನಿರಬಾರದೆಂದು, ಮಂಜಿನ ದೇಶವೊಂದಕ್ಕೆ ಹೋಗಿ ಬಂದವರ ಪ್ರವಾಸಕಥನ ಓದಿದೆ, ಛಲೋ ಇದೆ ಎಂದೆ.

"ಛಲೋ ಐತಿ ಅಂದ್ರ ನನಗೇನ್ ತಿಳೀತೈತಿ? ಸಾರು ಛಲೋ ಆಗೇತಿ ಅಂದಂಗಾತು. ಉಪ್ಪು ಎಷ್ಟೈತಿ, ಹುಳಿ ಎಷ್ಟೈತಿ ಅದನ್ನ ಹೇಳು."

ಆಗ ಯೋಚಿಸಿ ಹೇಳಿದೆ: ಆ ದೇಶದಲ್ಲಿ ಚಳಿಗಾಲದಲ್ಲಿ ಯಾರಾದರೂ ಸತ್ತರೆ ನೆಲ ಅಗೆಯಲು ಬರುವುದಿಲ್ಲವಂತೆ, ಮಣ್ಣು ಕಲ್ಲಾಗಿರುತ್ತದಂತೆ, ಬಿಸಿಲು ಬರುವ ತನಕ ಹೆಣವನ್ನು ಇಟ್ಟುಕೊಂಡು ಕಾಯಬೇಕಂತೆ. ಹೇಳಿದ ಮೇಲೆ ಇದನ್ನೇಕೆ ಹೇಳಿದೆನೋ ಎಂದು ನಾಲಿಗೆ ಕಚ್ಚಿಕೊಂಡೆ. ಅತ್ತೆ ಮಾತ್ರ ಹೂಂ, ಹೂಂ ಎಂದು ಪೂರ್ತಿ ಕೇಳಿದರು. "ಪಾಪ, ಅವರ ಮನಿಮಂದಿ ಹೆಂಗ ತಡಕೊಂತಾರೋ" ಎಂದು ಕಣ್ಣೊರೆಸಿಕೊಂಡರು. ಅಂದು ನಾವಿಬ್ಬರೂ ಎದುರುಬದುರು ಕುಳಿತು ಮೊದಲ ಸಲ ಅತ್ತದ್ದು ಯಾವುದೋ ಕಾಣದ ದೇಶದವರಿಗಾಗಿ.

ಅಲ್ಲಿಂದ ಪ್ರತಿ ಅಮಾವಾಸ್ಯೆಗೆ ತಿಂಗಳ ಲೆಕ್ಕ ಒಪ್ಪಿಸುವುದು ರೂಢಿಯಾಯಿತು. ನಾನು ಓದಿದ ಪುಸ್ತಕ, ಅತ್ತೆ ಮತ್ತೆ ಕೇಳತೊಡಗಿದ ಪಾಡು, ಪಕ್ಕದ ತೋಟದ ಭಜನೆಯಲ್ಲಿ ಹೊಸದಾಗಿ ಕಲಿತ ತತ್ವಪದ, ಟೀವಿಯ ಧಾರಾವಾಹಿ, ಎಲ್ಲವೂ ಬರುತ್ತಿದ್ದವು. ಧಾರಾವಾಹಿಗಳ ವಿಷಯದಲ್ಲಿ ಅತ್ತೆ ಕಠೋರ. "ಆ ಸೊಸಿ ಕದಾ ತಗೀಬೇಕೋ ಬ್ಯಾಡೋ ಅನ್ನೂದರಾಗ ಒಂದು ವಾರ ಕಳದ್ರು. ಹೊರಗ ನಿಂತಾಂವ ಮುದುಕ ಆಗಿರ್ಬೇಕು" ಎಂದು ಒಂದನ್ನು ತಿರಸ್ಕರಿಸಿದ್ದು ನೆನಪಿದೆ. ಹಾಡಿನ ಸರದಿ ಬಂದಾಗ ಮಾತ್ರ ಹೇಳುತ್ತಿರಲಿಲ್ಲ, ಹಾಡಿಯೇ ತೋರಿಸುತ್ತಿದ್ದರು. ದನಿ ಒಡೆದಿತ್ತು, ತಾಳ ಎಂದೂ ತಪ್ಪುತ್ತಿರಲಿಲ್ಲ.

ಇಷ್ಟಾದರೂ ಮಗನ ಮಾತು ನಮ್ಮ ನಡುವೆ ಬರಲಿಲ್ಲ. ಅಷ್ಟರಲ್ಲಿ ನನ್ನ ತವರು ಬಸವನ ಬಾಗೇವಾಡಿಯಿಂದ ಅಣ್ಣ ಬಂದ. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ನನಗೆ ಕೆಲಸ ನೋಡಿದ್ದ. ಮಕ್ಕಳಿಲ್ಲ, ಗಂಡನಿಲ್ಲ, ಪರರ ಮನೆಯಲ್ಲಿ ಇನ್ನೇನಿದೆ ನಿನಗೆ ಎಂದು ಅತ್ತೆಯ ಎದುರಿಗೇ ಕೇಳಿದ. ಅಮಾವಾಸ್ಯೆ ಕಳೆದ ಮೇಲೆ ಗಾಡಿ ತರುತ್ತೇನೆ, ಸಾಮಾನು ಕಟ್ಟಿಕೊಂಡಿರು ಎಂದು ಹೇಳಿ ಹೋದ. ನಾನು ಅತ್ತೆಯ ಮುಖ ನೋಡಿದೆ. ಅವರು ಚಹಾದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದರು. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವರು ಇರು ಎಂದು ಒಂದು ಮಾತು ಅಂದಿದ್ದರೆ ನಾನು ಅಲ್ಲಾಡುತ್ತಿರಲಿಲ್ಲ. ಅನ್ನಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು. ಈ ಮನೆಗೆ ನಾನು ಬೇಡವಾಗಿದ್ದೇನೆ ಎಂದುಕೊಂಡು ಸೀರೆಗಳನ್ನು ಮಡಿಚಿಡತೊಡಗಿದೆ.

ಆ ಅಮಾವಾಸ್ಯೆಯೂ ಬಂತು. ಎಂದಿನಂತೆ ಪಡಸಾಲೆಯಲ್ಲಿ ಕುಳಿತೆವು.

"ಈ ಸಲ ಮದಲ ನಾ ಹೇಳ್ತೇನಿ. ಪಾಡಿನಾಗ ಒಂದು ಕಥಿ ಕೇಳೇನಿ" ಎಂದರು ಅತ್ತೆ. "ಒಂದು ನಿಂಬಿ ತೋಟ. ಆ ತೋಟದಾಗ ಒಬ್ಬ ಹುಡುಗ."

"ಹೂಂ."

"ಅಂವಗ ಮುಳ್ಳಂದ್ರ ಭಾಳ ಅಂಜಿಕಿ. ಹಣ್ಣ ಹರಿಯಾಕ ಹೋಗು ಅಂದ್ರ ಅಪ್ಪನ ಕಾಲಾಗಿನ ಕೆರ ಎರಡೂ ಕೈಗೆ ಹಾಕ್ಕೊಂಡು ಹೋಗ್ತಿದ್ದ. ಕೈಯಾಗ ಕೆರ ಇದ್ರ ಹಣ್ಣ ಹರಿಯಾಕ ಬರ್ತೈತೇನು? ಟೊಂಗಿ ಬಡದು ಕೆಡವ್ತಿದ್ದ. ಕಾಯಿ ಹಣ್ಣು ಎಲ್ಲಾ ನೆಲಕ್ಕ."

"ಹೂಂ" ಎನ್ನುತ್ತ ನಾನು ನಕ್ಕೆ.

"ಮುಂದ ದೊಡ್ಡಾಂವ ಆದ. ಲಗ್ನಾತು. ಹೆಂಡ್ತಿ ಬಾಗೇವಾಡಿ ಕಡ್ಯಾಕಿ."

ನನ್ನ ನಗು ನಿಂತಿತು. ಇಂಥ ಪಾಡು ಯಾವ ಮೊಬೈಲಿನಲ್ಲೂ ಬಂದಿಲ್ಲವೆಂದು ತಿಳಿಯಿತು. ಹೂಂ ಎಂದೆ.

"ಲಗ್ನಾದ ಮರುದಿನ ಅಂವ ಅಡಗಿಮನಿಗೆ ಬಂದು ತಾಯಿಗೆ ಹೇಳ್ದ. ಯವ್ವಾ, ಆಕಿ ನಾಚಿಕಿ ಸ್ವಭಾವದಾಕಿ. ಹಸಿವಾಗೇತಿ ಅಂತ ತಾನಾಗಿ ಬಾಯಿ ಬಿಟ್ಟು ಅನ್ನೂದಿಲ್ಲ. ನೀನ ದಿನಾ ಕೇಳ್ಬೇಕು ಅಂದ."

ಮದುವೆಯಾದಾಗಿನಿಂದ ನಾನು ಹೊಸ್ತಿಲು ದಾಟುತ್ತಲೇ ಅತ್ತೆ "ಹಸದೀ ಏನು?" ಎಂದು ಕೇಳುತ್ತಿದ್ದರು. ಅದು ಅವರ ಮಾತಿನ ಚಾಳಿ ಎಂದುಕೊಂಡಿದ್ದೆ. ಮಗ ಹೋದ ಮೇಲೆ ಒಮ್ಮೆಯೂ ಕೇಳಿರಲಿಲ್ಲ. ನನ್ನಿಂದ ಹೂಂ ಹೊರಡಲಿಲ್ಲ. ಅತ್ತೆ ಕಥೆ ನಿಲ್ಲಿಸಿದರು. ಪೊರೆ ಬಂದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿ ಕಾಯುತ್ತ ಕುಳಿತರು. ಈಗ ನಿಂತರೆ ಈ ಕಥೆ ಮತ್ತೆಂದೂ ಮುಂದುವರಿಯುವುದಿಲ್ಲ ಎಂದು ನನಗೆ ಅಂಜಿಕೆಯಾಯಿತು. ಹೇಗೋ ದನಿ ತೆಗೆದು ಹೂಂ ಎಂದೆ.

"ಮುಂದ ಅಂವ ಹ್ವಾದ" ಎಂದರು ಅತ್ತೆ.

"ಹೂಂ."

"ಅಂವ ಹೋದ ಮ್ಯಾಲ ಆ ತಾಯಿ ಸೊಸಿಗೆ ಏನೂ ಕೇಳೂದು ಬಿಟ್ಲು. ಸಿಟ್ಟಿಲೆ ಅಲ್ಲ. ಏನರ ಒಂದು ಕೇಳಿದ್ರ, ನಾ ನಮ್ಮೂರಿಗೆ ಹೋಗ್ತೇನ್ರಿ ಅಂದುಬಿಟ್ಟಾಳು ಅಂತ ಅಂಜಿಕಿ. ಆಕಿ ಇನ್ನೂ ಸಣ್ಣಾಕಿ. ಇರು ಅಂದ್ರ ಆಕಿನ್ನ ಗೂಟಕ್ಕ ಕಟ್ಟಿದಂಗ. ಹೋಗು ಅನ್ನಾಕ ಬಾಯಿ ಬರವಲ್ಲದು. ಹಿಂಗಿರೂವಾಗ ಆಕಿ ಅಣ್ಣ ಕರಿಯಾಕ ಬಂದ."

"ಮುಂದೇನಾತ್ರಿ? ಆ ಸೊಸಿ ಏನಂದ್ಲು?"

"ಮುಂದಿಂದು ಇನ್ನೂ ಬಂದಿಲ್ಲವ್ವ" ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ನಿಂದು ಹೇಳು. ಏನ್ ಓದಿದಿ?"

ಗ್ರಂಥಾಲಯದಿಂದ ತಂದ ಪುಸ್ತಕ ನನ್ನ ಮಗ್ಗುಲಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ.

"ನಾನೂ ಒಬ್ಬ ಸೊಸೀದ ಓದೇನ್ರಿ. ಆಕಿ ಅತ್ತಿ ಮುಂದ ಬಂದು ಕುಂತ್ಲು."

"ಹೂಂ."

"ಅತ್ತಿ, ನನಗ ಹಸಿವಾಗೇತ್ರಿ ಅಂದ್ಲು."

ಅತ್ತೆಯಿಂದ ಹೂಂ ಬರಲಿಲ್ಲ. ಗೋಡೆ ಹಿಡಿದು ಎದ್ದು ಅಡುಗೆಮನೆಗೆ ನಡೆದರು. ನಾನೂ ಹಿಂದೆ ಹೋದೆ. ಮುಚ್ಚಿಟ್ಟ ರೊಟ್ಟಿ ಬಿಟ್ಟು ಹೊಸದಾಗಿ ಹಿಟ್ಟು ನಾದಿ ಬಡಿದರು. ಒಂದೇ ತಾಟಿನಲ್ಲಿ ಇಬ್ಬರೂ ಉಂಡೆವು. ಇಬ್ಬರ ಮೂಗಿನಲ್ಲೂ ನೀರು ಸುರಿಯುತ್ತಿತ್ತು, ಇಬ್ಬರೂ ಚಟ್ನಿ ಖಾರವಾಗಿದೆ ಎಂದೆವು.

ಅಣ್ಣ ಗಾಡಿ ತಂದ. ನಾನು ಬರುವುದಿಲ್ಲವೆಂದಾಗ ರೇಗಿದ. "ಈ ಮುದುಕಿ ನಿನಗ ಏನ್ ಮಾಟ ಮಾಡ್ಯಾಳ?" ಎಂದ. ಅತ್ತೆ ಒಂದು ಚೀಲ ನಿಂಬೆಹಣ್ಣು ತಂದು ಅವನ ಗಾಡಿಯಲ್ಲಿಟ್ಟು, "ಉಪ್ಪಿನಕಾಯಿ ಹಾಕ್ಸ್ರಿ, ಸಿಟ್ಟಿಗೆ ಛಲೋ" ಎಂದರು.

ಆಮೇಲಿನ ಅಮಾವಾಸ್ಯೆಗಳಲ್ಲಿ ಪುಸ್ತಕ, ಹಾಡು ಎಲ್ಲ ಮುಗಿದ ಮೇಲೆ ಕೊನೆಗೆ 'ಆ ಹುಡುಗ'ನ ಕಥೆ ಇರುತ್ತಿತ್ತು. ಹೆಸರಿಡದೆ, ನಮ್ಮವನೆನ್ನದೆ, ನಾವು ಯಜಮಾನರನ್ನು ನಮ್ಮ ನಡುವೆ ಕರೆದು ಕೂಡಿಸಿಕೊಳ್ಳುತ್ತಿದ್ದೆವು. ನನಗೆ ಗೊತ್ತಿಲ್ಲದ ಅವರ ಬಾಲ್ಯವನ್ನು ಅತ್ತೆ ಕೊಟ್ಟರು. ಅತ್ತೆಗೆ ಗೊತ್ತಿಲ್ಲದ ಗಂಡನನ್ನು, ಹೇಳಬಹುದಾದಷ್ಟು, ನಾನು ಕೊಟ್ಟೆ. ತಾಯಿಗೆ ಹೆದರಿ ಅವರು ಬಚ್ಚಿಟ್ಟಿದ್ದ ಸಂಗತಿಯೊಂದನ್ನು ನಾನು ಹೇಳಿದಾಗ ಅತ್ತೆ ಒಪ್ಪಲೇ ಇಲ್ಲ. "ಆ ಹುಡುಗ ಹಂಗ ಮಾಡಾಂವ ಅಲ್ಲ. ನಿನ್ನ ಪುಸ್ತಕದಾಗ ತಪ್ಪು ಛಾಪಾಗೇತಿ" ಎಂದು ಮುಖ ತಿರುಗಿಸಿದರು. ನಾನು ಪುಸ್ತಕ ತಿದ್ದಿಕೊಂಡೆ. ದುಃಖ ಕಡಿಮೆಯಾಯಿತೆಂದು ಹೇಳಲಾರೆ. ಅದನ್ನು ಹೊರಲು ಇಬ್ಬರಾದೆವು.

ಕಳೆದ ಮಳೆಗಾಲದಲ್ಲಿ ಅತ್ತೆಯ ಕಿಡ್ನಿಗಳು ಕೈಕೊಟ್ಟವು. ವಿಜಯಪುರದ ಆಸ್ಪತ್ರೆಯವರು ಕೆಲವು ವಾರ ಇಟ್ಟುಕೊಂಡು, ಇನ್ನು ಮನೆಗೆ ಕರೆದೊಯ್ಯಿರಿ ಎಂದರು. ಪಡಸಾಲೆಯಲ್ಲೇ ಹಾಸಿಗೆ ಹಾಸಿದೆ. ಅವರು ಕೇಳಬಹುದೆಂದು ದಿನವೂ ಏನಾದರೂ ಓದಿಕೊಂಡಿರುತ್ತಿದ್ದೆ. ಆದರೆ ಮಾತು ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ ತುಟಿ ಒದ್ದೆ ಮಾಡುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದರು.

"ಯವ್ವಾ, ನಾ ಹೋಗ್ಲೇನು?"

ಯಾರ ಕಥೆಯೂ ಅಲ್ಲ, ಯಾರ ಮರೆಯೂ ಇಲ್ಲ. ನನಗೆ ಏನನ್ನೂ ಕೇಳಲು ಒಂದು ಕಾಲಕ್ಕೆ ಅಂಜಿದ್ದ ಹೆಂಗಸು ಇದನ್ನು ನೇರವಾಗಿ ಕೇಳಿದರು. ಬೇಡ ಎನ್ನಬೇಕೆಂದು ಜೀವ ಹೊಡೆದುಕೊಳ್ಳುತ್ತಿತ್ತು. ಆದರೆ ಅವರಿಗೆ ಬಹಳ ನೋವಿತ್ತು, ನಾನು ಬಿಡುವ ತನಕ ಅವರು ತಡೆದುಕೊಂಡೇ ಇರುತ್ತಾರೆಂದು ನನಗೆ ಗೊತ್ತಿತ್ತು.

"ಹೋಗಿ ಬರ್ರಿ ಅತ್ತಿ" ಎಂದೆ.

ಯಜಮಾನರು ಚೀಲ ಹೇರಿಕೊಂಡು ಹೊರಟ ಆ ಬೆಳಿಗ್ಗೆ ನಾನು ಬಚ್ಚಲಲ್ಲಿದ್ದೆ. ಹೊರಗಿನಿಂದಲೇ ಕೂಗಿ ಹೇಳಿ ಹೋಗಿದ್ದರು, ನೀರಿನ ಸಪ್ಪಳದಲ್ಲಿ ನನಗೆ ಕೇಳಿಸಿರಲಿಲ್ಲ. ಹೋಗಿ ಬರ್ರಿ ಎಂಬ ಒಂದು ಮಾತು ನನ್ನಲ್ಲೇ ಉಳಿದುಬಿಟ್ಟಿತ್ತು. ಅದನ್ನು ಅತ್ತೆ ಕೇಳಿ ಇಸಿದುಕೊಂಡು ಹೋದರು.